ಕಾಗೆಯಿಲ್ಲದ ನಾಡಿನಲ್ಲಿ ಒಂದು ಎಡೆ

ಹತ್ತನೇ ದಿನ ಕಾಗೆ ಪಿಂಡ ಮುಟ್ಟಲಿಲ್ಲ. ಜಪ್ಪಯ್ಯ ಅಂದರೂ ಮುಟ್ಟಲಿಲ್ಲ. ಅಮೆರಿಕಾದ ಅರೋರಾ ಊರಿನ ಆ ಹಿತ್ತಲಲ್ಲಿ ಮೊಣಕಾಲುದ್ದ ಹಿಮ. ಪುರೋಹಿತರು ಪಂಚೆಯ ಮೇಲೆ ದಪ್ಪ ಜಾಕೆಟ್ ಏರಿಸಿಕೊಂಡು ಗಡಗಡ ನಡುಗುತ್ತಿದ್ದರು. ಕಾಗೆ ಮಾತ್ರ ಪಕ್ಕದ ಮನೆಯವರ ಮೇಪಲ್ ಮರದಲ್ಲಿ ಆರಾಮಾಗಿ ಕೂತು, ಇವರನ್ನೆಲ್ಲ ಸಿನಿಮಾ ನೋಡುವ ಹಾಗೆ ನೋಡುತ್ತಿತ್ತು.

ತೀರಿಕೊಂಡಿದ್ದು ಶೇಷಾದ್ರಿ. ಹಕ್ಕಿ ಹುಚ್ಚಿನ ಮನುಷ್ಯ. ಶನಿವಾರ ಬಂತೆಂದರೆ ಕುತ್ತಿಗೆಗೆ ಬೈನಾಕ್ಯುಲರ್ಸ್ ನೇತುಹಾಕಿಕೊಂಡು ಹೊರಟೇಬಿಡುತ್ತಿದ್ದರು. "ನಿಮಗೆ ಹೆಂಡತಿಗಿಂತ ಹಕ್ಕಿಗಳೇ ಹೆಚ್ಚಾಯ್ತು" ಎಂದು ಅನಸೂಯ ರೇಗಿದರೆ, "ಹಕ್ಕಿಗಳು ರೇಗಲ್ಲ ಕಣೇ" ಎಂದು ನಗುತ್ತಿದ್ದರು. ಜನವರಿಯ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಜೀವಮಾನವಿಡೀ ಹಕ್ಕಿಗಳ ಹಿಂದೆ ಅಲೆದವರ ಪಿಂಡವನ್ನು ಒಂದು ಯಃಕಶ್ಚಿತ್ ಕಾಗೆ ಮುಟ್ಟುವುದಿಲ್ಲ ಅಂದರೆ ಏನು ಹೇಳೋಣ!

ಕಾಗೆ ಮುಟ್ಟಲಿಲ್ಲ ಅಂದರೆ ಹೋದವರಿಗೆ ಏನೋ ಆಸೆ ಉಳಿದಿದೆ ಅಂತ. ಅದು ಯಾವ ಆಸೆ ಎಂದು ಊಹಿಸಿ, ನಡೆಸಿಕೊಡ್ತೀವಿ ಎಂದು ಮಾತು ಕೊಡಬೇಕು. ಸರಿಯಾದ ಮಾತು ಬಿದ್ದ ಕೂಡಲೇ ಕಾಗೆ ಇಳಿದು ಬರುತ್ತದೆ. ಲಿವೋನಿಯಾ ಎಂಬ ದೂರದೂರಿನಿಂದ ಬಂದು ಕರ್ಮಕ್ಕೆ ಕೂತಿದ್ದ ಶೇಷಾದ್ರಿಯವರ ಅಣ್ಣನ ಮಗ ಗಿರೀಶ ಮೊದಲು ಶುರುಮಾಡಿದ: "ಚಿಕ್ಕಪ್ಪ, ಜಾನ್ವಿ ಮದುವೆ ನಾವು ನಿಂತು ಮಾಡ್ತೀವಿ." ಕಾಗೆ ಅಲುಗಲಿಲ್ಲ. ಶೇಷಾದ್ರಿಯವರ ಮಗಳು ಜಾನ್ವಿ ಅಣ್ಣನನ್ನು ದುರುಗುಟ್ಟಿಕೊಂಡು ನೋಡಿದಳು. "ಮೈಸೂರಿನ ಸೈಟು ಮಾರಲ್ಲ." ಊಹೂಂ. "ಚಿಕ್ಕಮ್ಮನ್ನ ಚೆನ್ನಾಗಿ ನೋಡ್ಕೋತೀವಿ." ಕಾಗೆ ರೆಕ್ಕೆ ಕೆರೆದುಕೊಂಡಿತು. ಕೊನೆಗೆ ಜಾನ್ವಿಯೇ ಮುಂದೆ ಬಂದು, ಅಳು ತಡೆದುಕೊಂಡು, "ಅಪ್ಪಾ, ಐ ಪ್ರಾಮಿಸ್. ನೀನು ಬುಕ್ ಮಾಡಿದ್ದ ಆಂಡೀಸ್ ಟ್ರಿಪ್‌ಗೆ ಅಮ್ಮನ್ನ ನಾನು ಕರ್ಕೊಂಡ್ ಹೋಗ್ತೀನಿ" ಅಂದಳು. ಕಾಗೆ ಒಂದು ಕೊಂಬೆ ಕೆಳಗೆ ಇಳಿಯಿತು! ಎಲ್ಲರೂ "ಬಾ, ಬಾ" ಎಂದು ಒಟ್ಟಿಗೇ ಕೂಗಿದರು. ಅನಸೂಯ ಒಬ್ಬಳೇ ಬಾಯಿ ಬಿಡದೆ ಕೈ ಮುಗಿದು ನಿಂತಿದ್ದಳು.

ಕಾಗೆ ಅತ್ತಿತ್ತ ನೋಡಿ ಹಾರಿಹೋಯಿತು. ಎಲ್ಲಿಂದಲೋ ಒಂದು ಅಳಿಲು ಬಂದು ಪಿಂಡಕ್ಕೆ ಬಾಯಿ ಹಾಕಿತು. ಪುರೋಹಿತರು ದರ್ಭೆಯಲ್ಲೇ ಕಾಗೆ ಮಾಡಿ, ಅದರಿಂದ ಮುಟ್ಟಿಸಿ ಶಾಸ್ತ್ರ ಮುಗಿಸಿದರು. "ಎಲ್ಲಾ ಸರಿಯಾಯ್ತಮ್ಮ, ಮನಸ್ಸಿಗೆ ಹಚ್ಕೋಬೇಡಿ" ಅಂದರು. ಹಚ್ಕೋಬೇಡಿ ಅಂದರೆ ಆಗುತ್ತದೆಯೇ? ಅವತ್ತಿನಿಂದ ಅನಸೂಯಳಿಗೆ ಊಟ ಸೇರದು, ನಿದ್ದೆ ಹತ್ತದು. ಇವರು ಎಲ್ಲಿ ಅಲೆಯುತ್ತಿದ್ದಾರೋ, ಯಾವ ಆಸೆ ಹೊತ್ತು ಅಲೆಯುತ್ತಿದ್ದಾರೋ! ಸಂಜೆಯಾದರೆ ಮನೆ ಬಿಟ್ಟು ಕದಲುತ್ತಿರಲಿಲ್ಲ. ಪಕ್ಕದೂರು ಹಾಫ್‌ಮನ್ ಎಸ್ಟೇಟ್ಸ್‌ನ ಗೆಳತಿಯರು ಮನೆಗೆ ಕರೆದು ಕರೆದು ಸುಸ್ತಾದರು. ಕಾಗೆ ಒಂದು ಕೊಂಬೆ ಇಳಿದಿದ್ದು ಆಂಡೀಸ್ ಹೆಸರಿಗೆ ತಾನೇ? ಅಲ್ಲಿಗೇ ಹೋಗಿ ಎಡೆ ಇಟ್ಟು, ಒಂದು ಕೈ ನೋಡೇಬಿಡುವುದು ಎಂದು ಹಠ ಹಿಡಿದಳು. ವರ್ಷದ ಕರ್ಮ ಮುಗಿದ ಮೇಲೆ ತಾಯಿ ಮಗಳು ಆಂಡೀಸ್ ಬೆಟ್ಟಗಳಿರುವ ಕೊಲಂಬಿಯಾದ ವಿಮಾನ ಹತ್ತಿದರು. ಅನಸೂಯಳ ಕೈಚೀಲದಲ್ಲಿ ಒಂದು ಪೊಟ್ಟಣ ಕರಿ ಎಳ್ಳಿತ್ತು.

ಟೂರಿನ ಹೆಸರೇನೋ ಭರ್ಜರಿಯಾಗಿತ್ತು, ಹಕ್ಕಿ ವೀಕ್ಷಣೆ ಮತ್ತು ಕಾಫಿ ತೋಟದ ಪ್ರವಾಸ. ಆದರೆ ನಸುಕಿಗೇ ಎಬ್ಬಿಸುತ್ತಾರೆ, ಮಾತಾಡಬೇಡಿ ಅನ್ನುತ್ತಾರೆ. ಮಾತಾಡದೆ ಇರುವುದು ಅನಸೂಯಳ ಜಾತಕದಲ್ಲೇ ಇಲ್ಲ. ತೋಟದವರು ಪ್ರೀತಿಯಿಂದ ಕಾಫಿ ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ. "ಏನೇ ಇದು, ಕಷಾಯ ಇದ್ದ ಹಾಗಿದೆ" ಎಂದು ಮಗಳ ಕಿವಿಯಲ್ಲಿ ಗೊಣಗಿದಳು. ಎರಡನೇ ಗುಟುಕಿಗೆ ಸುಮ್ಮನಾದಳು. ಮೂರನೆಯದಕ್ಕೆ, "ಇವರಿದ್ದಿದ್ರೆ ಎರಡು ಲೋಟ ಕುಡಿದಿರೋರು" ಅಂದಳು. ಕಣ್ಣು ತುಂಬಿಬಂತು.

ಗೈಡ್ ಹೆರ್ನಾನ್ ಹಸನ್ಮುಖಿ. ಬಾಳೆಯ ನೆರಳಲ್ಲಿ ಬೆಳೆದ ಕಾಫಿ ಗಿಡಗಳ ನಡುವೆ ನಿಂತು ಅವನು ಏನಾದರೂ ಪ್ರಶ್ನೆ ಇದೆಯಾ ಎಂದು ಕೇಳಿದಾಗ ಅನಸೂಯ ಮಗಳನ್ನು ತಿವಿದಳು. "ಇಲ್ಲಿ ಕಾಗೆಗಳು ಎಷ್ಟು ಹೊತ್ತಿಗೆ ಬರ್ತವೆ ಕೇಳೇ."

ಜಾನ್ವಿ ಕೇಳಿದಳು. ಹೆರ್ನಾನ್ ನಕ್ಕು ತಲೆಯಾಡಿಸಿದ. ಜಾನ್ವಿಯ ಮುಖ ಇಳಿದುಹೋಯಿತು. "ಅಮ್ಮಾ... ಇಲ್ಲಿ ಕಾಗೆ ಇಲ್ವಂತೆ. ಇಡೀ ಸೌತ್ ಅಮೆರಿಕಾದಲ್ಲೇ ಇಲ್ವಂತೆ."

ಅನಸೂಯ ಎಳ್ಳಿನ ಪೊಟ್ಟಣವಿದ್ದ ಕೈಚೀಲವನ್ನು ಅವುಚಿಕೊಂಡಳು. "ಕಾಗೆ ಇಲ್ಲದ ದೇಶ ಇರುತ್ತೇನೇ? ಇಲ್ಲಿ ಜನ ಸಾಯೋದೇ ಇಲ್ವಾ?"

"ಅಮ್ಮಾ, ಪ್ಲೀಸ್, ಮೆಲ್ಲಗೆ."

"ಮೆಲ್ಲಗೇನು ಮೆಲ್ಲಗೆ! ನಿಮ್ಮಪ್ಪನಿಗೆ ಗೊತ್ತಿರಲಿಲ್ವಾ ಇದು? ಪ್ರಪಂಚದ ಹಕ್ಕಿಗಳ ಕುಲಗೋತ್ರವೆಲ್ಲ ಬಾಯಲ್ಲಿ ಹೇಳ್ತಿದ್ರಲ್ಲ! ಹುಡುಕಿ ಹುಡುಕಿ ಕಾಗೆ ಇಲ್ಲದ ಊರೇ ಬೇಕಾಗಿತ್ತಾ ಇವರಿಗೆ?" ಅಂದವಳೇ ಒಂದು ಕಾಫಿ ಗಿಡದ ಬುಡದಲ್ಲಿ ಕುಸಿದು ಕೂತು ಅಳತೊಡಗಿದಳು. ಜೊತೆಗಿದ್ದ ಅಮೆರಿಕನ್ ಪ್ರವಾಸಿಗರು ಪಾಪ, ಏನು ಮಾಡಬೇಕೋ ತಿಳಿಯದೆ ಬೈನಾಕ್ಯುಲರ್ಸ್ ಎತ್ತಿ ಆಕಾಶ ನೋಡಿದರು.

ಜಾನ್ವಿ ಹೆರ್ನಾನ್‌ನನ್ನು ಪಕ್ಕಕ್ಕೆ ಕರೆದು ಎಲ್ಲ ಬಿಡಿಸಿ ಹೇಳಿದಳು. ಅವನು ಟೋಪಿ ತೆಗೆದು ಕೇಳಿಸಿಕೊಂಡ. ಆಮೇಲೆ ಅನಸೂಯಳ ಎದುರು ಕುಕ್ಕರುಗಾಲಲ್ಲಿ ಕೂತು ಏನೋ ಹೇಳಿದ. ಜಾನ್ವಿ ಕನ್ನಡಕ್ಕಿಳಿಸಿದಳು: "ಕಾಗೆ ಇಲ್ಲ, ಆದ್ರೆ ಕಾಗೆಯ ಫ್ಯಾಮಿಲಿ ಇದೆ ಅಂತಾನೆ. ಜೇ ಅಂತ ಹೆಸರು. ಕಸಿನ್ಸ್ ತರಹ. ನಾಳೆ ಬೆಳಿಗ್ಗೆ ಅಡುಗೆಮನೆ ಹಿಂದೆ ಬರ್ತವಂತೆ."

ಅನಸೂಯ ಮೂಗು ಒರೆಸಿಕೊಂಡಳು. "ದಾಯಾದಿಗಳು ಅನ್ನು. ನಡಿಯುತ್ತೋ ಇಲ್ವೋ, ಯಾರನ್ನ ಕೇಳೋಣ?" ಯಾರನ್ನೂ ಕೇಳುವುದಕ್ಕಿರಲಿಲ್ಲ. ಇದ್ದದ್ದರಲ್ಲೇ ಮಾಡುವುದು ಎಂದು ತಾನೇ ತೀರ್ಮಾನಿಸಿದಳು.

ಬೆಳಿಗ್ಗೆ ಮಿಂದು, ತೋಟದ ಅಡುಗೆಮನೆಗೆ ನುಗ್ಗಿ, ಕೈಸನ್ನೆಯಲ್ಲೇ ಅಕ್ಕಿ ಕೇಳಿ ಮೆತ್ತಗೆ ಅನ್ನ ಮಾಡಿದಳು. ಮೊಸರು ಕಲಸಿ, ಎಳ್ಳು ಬೆರೆಸಿ ಉಂಡೆ ಕಟ್ಟಿದಳು. ಹಿತ್ತಲಿನ ಹಲಗೆಯ ಮೇಲೆ ಬಾಳೆಲೆ ಹಾಸಿ ಉಂಡೆಗಳನ್ನಿಟ್ಟು ಹಿಂದಕ್ಕೆ ಸರಿದು ನಿಂತಳು. ಎದುರಿನ ಮರಕ್ಕೆ ಜೇ ಹಕ್ಕಿಗಳು ಬಂದು ಕೂತವು. ಹಸಿರು ಬೆನ್ನು, ಹಳದಿ ಹೊಟ್ಟೆ, ನೀಲಿ ತಲೆ. "ಇದೇನೇ, ಕರ್ಮಕ್ಕೆ ಬಂದ ಹಾಗಿಲ್ಲ, ಮದುವೆಮನೆಗೆ ಹೊರಟ ಹಾಗಿವೆ" ಅಂದಳು. ಮನಸ್ಸಿನಲ್ಲಿ ಮಾತುಗಳನ್ನೆಲ್ಲ ಜೋಡಿಸಿಕೊಂಡೇ ಬಂದಿದ್ದಳು. ಜಾನ್ವಿಗೆ ಇಷ್ಟವಾದಾಗ, ಇಷ್ಟವಾದವನ ಜೊತೆ ಮದುವೆ. ಇವರ ಪುಸ್ತಕಗಳೆಲ್ಲ ಲೈಬ್ರರಿಗೆ. ಊರಿನ ನಾದಿನಿಯ ಆಪರೇಷನ್‌ಗೆ ತಾನೇ ಹೋಗಿ ಜೊತೆಗಿರುವುದು. ಒಂದೊಂದಾಗಿ ಹೇಳುತ್ತಾ ಹೋದರೆ ಯಾವುದಾದರೂ ಒಂದು ತಾಗದೆ ಇರುತ್ತದೆಯೇ! ಕಣ್ಣು ಮುಚ್ಚಿ ಕೈ ಮುಗಿದು, "ರೀ..." ಅಂದಳು.

ಅಷ್ಟೇ ಅಂದಿದ್ದು. ಪಟಪಟನೆ ಸದ್ದಾಯಿತು. ಕಣ್ಣು ಬಿಟ್ಟರೆ ಹಲಗೆಯ ತುಂಬ ಹಕ್ಕಿಗಳು, ಒಂದರ ಮೇಲೊಂದು ಬಿದ್ದು ಕಿತ್ತಾಡುತ್ತ ತಿನ್ನುತ್ತಿದ್ದವು.

"ಏಯ್! ತಡೀರೋ! ನಾನಿನ್ನೂ ಶುರುವೇ ಮಾಡಿಲ್ಲ!" ಎಂದು ಅನಸೂಯ ಕೂಗಿಕೊಳ್ಳುವಷ್ಟರಲ್ಲಿ ಎಲೆ ಖಾಲಿ. ಹೊಟ್ಟೆಬಾಕಗಳು ಎಲೆಯನ್ನೂ ಹರಿದುಹಾಕಿದ್ದವು. ಜಾನ್ವಿ ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು. ಅಮ್ಮನನ್ನು ತಬ್ಬಿಕೊಂಡಳು. "ಹೀ ಡಿಡ್‌ಂಟ್ ವಾಂಟ್ ಎನಿಥಿಂಗ್, ಅಮ್ಮಾ. ಅಪ್ಪಂಗೆ ಏನೂ ಬೇಕಾಗಿರಲಿಲ್ಲ. ಯಾವತ್ತೂ."

ಹೌದು, ಏನೂ ಬೇಕಾಗಿರಲಿಲ್ಲ. ಒಂದು ಲೋಟ ಕಾಫಿ, ಒಂದು ಹಕ್ಕಿ, ರೇಗುವುದಕ್ಕೆ ಒಬ್ಬಳು ಹೆಂಡತಿ, ಇಷ್ಟಕ್ಕೇ ತೃಪ್ತರಾಗಿದ್ದ ಮನುಷ್ಯ. ಅನಸೂಯ ಮೆಟ್ಟಿಲ ಮೇಲೆ ಕೂತಳು.

"ಅವತ್ತು ಅರೋರಾದಲ್ಲಿ ಕಾಗೆ ಮುಟ್ಟಲಿಲ್ಲವಲ್ಲ, ಅದು ನಿಮ್ಮಪ್ಪನಿಂದ ಅಲ್ಲ ಕಣೇ" ಅಂದಳು ಆಮೇಲೆ. "ನೀವೆಲ್ಲ ಬಾ ಬಾ ಅಂತ ಕೂಗ್ತಿದ್ರಿ. ನಾನು ಮನಸ್ಸಿನೊಳಗೇ ಬರಬೇಡ, ಬರಬೇಡ ಅಂತಿದ್ದೆ. ಅದು ಮುಟ್ಟಿಬಿಟ್ರೆ ಇವರು ಹೊರಟುಹೋಗ್ತಾರಲ್ಲ ಅಂತ."

ಜಾನ್ವಿ ಅಮ್ಮನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಎದುರಿನ ಬೆಟ್ಟದ ಮಂಜು ನಿಧಾನವಾಗಿ ಸರಿಯುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅನಸೂಯ ಎದ್ದು ಒಳಗೆ ಹೋದಳು. ಪಾತ್ರೆಯ ತಳದಲ್ಲಿ ಉಳಿದಿದ್ದ ಅನ್ನ ಕೆರೆದು, ಕೈಯಾರೆ ಒಂದೇ ಒಂದು ಉಂಡೆ ಕಟ್ಟಿ ತಂದು ಹಲಗೆಯ ಮೇಲಿಟ್ಟಳು. ಹಕ್ಕಿಗಳೆಲ್ಲ ಅಷ್ಟೊತ್ತಿಗೆ ಹಾರಿಹೋಗಿದ್ದವು, ಒಂದು ಮಾತ್ರ ಕೊಂಬೆಯಲ್ಲಿ ಕೂತಿತ್ತು. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ, ಯಾವ ಮಾತನ್ನೂ ಕೊಡಲಿಲ್ಲ.

"ಬಾಪ್ಪಾ, ಬಾ" ಎಂದು ಬಾಯಿಬಿಟ್ಟು ಕರೆದಳು. "ತಗೊಂಡು ಹೋಗು."