ಕೆನೆಗಟ್ಟಿದ ಆಕಾಶ

ಕಿರುಬೆರಳನ್ನು ಕ್ಯಾನ್‌ವಾಸಿನ ಮೂಲೆಗೆ ತಾಕಿಸಿ ನೋಡಿದ ಊರ್ಮಿಳಾ ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಇನ್ನೂ ಅಂಟು. ಭಾನುವಾರ ಬೆಳಿಗ್ಗೆ ಬಳಿದ ಪದರ. ಬುಧವಾರವಾದರೂ ಹಲಸಿನ ಹಣ್ಣು ಬಿಡಿಸಿದ ಕೈಯ ಹಾಗೆ ಜಿಗುಟು ಜಿಗುಟು. ಒಳಗೆ ಕುಕ್ಕರು ಮೂರನೇ ಸಲ ಕೂಗಿತು.

"ಅಮ್ಮಾ, ನನ್ ಯೂನಿಫಾರ್ಮ್ ಇನ್ನೂ ಒದ್ದೆ!" ಎಂಟನೇ ಕ್ಲಾಸಿನ ಸುಕೃತಿ ಹಾಲ್‌ನಿಂದ ಅರಚಿದಳು.

"ಇಸ್ತ್ರಿ ಪೆಟ್ಟಿಗೆ ಹಾಕ್ಕೋ ಪುಟ್ಟಾ, ಒಣಗುತ್ತೆ."

"ದಿನಾ ಇದೇ ಆಯ್ತು. ಹಾಲ್‌ನಲ್ಲಿ ಬಟ್ಟೆ, ಬಾಲ್ಕನಿಯಲ್ಲಿ ಆಕಾಶ" ಎಂದ ಗಂಡ ಹರ್ಷವರ್ಧನ್, ತಲೆಯ ಮೇಲೆ ತೂಗುತ್ತಿದ್ದ ಲಂಗವನ್ನು ಸರಿಸಿ ಕಾಫಿ ಲೋಟ ಎತ್ತಿಕೊಳ್ಳುತ್ತ. ಬೈಗುಳವೇನಲ್ಲ, ನಗುತ್ತಲೇ ಹೇಳಿದ್ದು. "ಶನಿವಾರದ ತನಕ ತಾನೇ? ಸಹಿಸ್ಕೊಳ್ಳೋಣ ಬಿಡು."

ಒಪ್ಪಂದ ಆಗಿದ್ದು ಹಾಗೆಯೇ. ದಾಸರಹಳ್ಳಿಯ ಆ ಮೂರನೇ ಮಹಡಿಯ ಮನೆಗೆ ಇದ್ದದ್ದು ಒಂದೇ ಬಾಲ್ಕನಿ, ಮಂಚ ಹಾಕಿದರೆ ಬಾಗಿಲು ತೆಗೆಯಲಾಗದಷ್ಟು ಜಾಗ. ಜೂನ್‌ನಿಂದ ಅದು ಅವಳದು. ಬಟ್ಟೆ ಒಣಹಾಕುವ ಹಗ್ಗಗಳೆಲ್ಲ ಹಾಲ್‌ಗೆ ಬಂದಿದ್ದವು. ಶನಿವಾರ ಚಿತ್ರ ಎಕ್ಸಿಬಿಷನ್‌ಗೆ ಹೋದ ಮೇಲೆ ಬಾಲ್ಕನಿ ಮತ್ತೆ ಮನೆಗೆ. ಅತ್ತೆ ಸುಬ್ಬಲಕ್ಷ್ಮಮ್ಮ ಬಾಯಿಬಿಟ್ಟು ಏನೂ ಅಂದಿರಲಿಲ್ಲ. ದಿನಕ್ಕೆ ಎರಡು ಸಲ ಒದ್ದೆ ಟವಲಿನ ತುದಿ ಹಿಂಡಿ ನೋಡಿ, ನಿಟ್ಟುಸಿರು ಬಿಡುತ್ತಿದ್ದರು, ಅಷ್ಟೆ.

ಕ್ಯಾನ್‌ವಾಸಿನಲ್ಲಿ ಇದ್ದದ್ದು ಪೀಣ್ಯದ ಆಕಾಶ. ಕೆಳಗೆ ಒಂದು ಗೇಣು ಮಾತ್ರ ತಗಡಿನ ಛಾವಣಿಗಳು, ಒಂದು ನೀರಿನ ಟ್ಯಾಂಕು. ಉಳಿದದ್ದೆಲ್ಲ ಸಂಜೆ ಆರೂಕಾಲಿಗೆ, ಜನರಲ್ ಶಿಫ್ಟ್ ಬಿಡುವ ಹೊತ್ತಿಗೆ, ಗೇಟಿನಿಂದ ಹೊರಬಂದು ತಲೆ ಎತ್ತಿದರೆ ಕಾಣುವ ಬಣ್ಣ. ಅದು ಕಿತ್ತಳೆಯಲ್ಲ, ನೇರಳೆಯಲ್ಲ, ಬೂದಿಯೂ ಅಲ್ಲ. ಧೂಳಿನ ಹಿಂದೆ ಯಾರೋ ದೀಪ ಹಿಡಿದುಕೊಂಡು ನಡೆದುಹೋಗುತ್ತಿರುವ ಹಾಗಿರುವ ಬಣ್ಣ. ಊರ್ಮಿಳಾಳ ಕೆಲಸವೇ ಬಣ್ಣ ನೋಡುವುದು. ಎಲೆಕ್ಟ್ರಿಕ್ ಪ್ಯಾನೆಲ್‌ಗಳಿಗೆ ಪೌಡರ್ ಕೋಟಿಂಗ್ ಮಾಡುವ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಕ್ವಾಲಿಟಿ ಚೆಕ್. ಓವನ್‌ನಿಂದ ಹೊರಬಂದ ತಗಡಿನ ಪಕ್ಕ ಶೇಡ್ ಕಾರ್ಡ್ ಹಿಡಿದು ಪಾಸ್, ರಿಜೆಕ್ಟ್ ಅನ್ನುವವಳು ಅವಳೇ. ಆ ಕಾರ್ಡಿನ ಇನ್ನೂರು ಚಿಲ್ಲರೆ ಬಣ್ಣಗಳಲ್ಲಿ ಈ ಆಕಾಶ ಇರಲಿಲ್ಲ.

ಎರಡು ವರ್ಷ ಅವಳು ಅದನ್ನು ಕಲಸಿ ಕಲಸಿ ನೋಡಿದ್ದಳು. ಕಲಸಿದಷ್ಟೂ ಕೆಸರಾಗುತ್ತಿತ್ತು. ಭಾನುವಾರದ ಪೇಂಟಿಂಗ್ ಕ್ಲಾಸಿನಲ್ಲಿ ಮಹಾದೇವಿ ಮೇಡಂ ಒಂದು ದಿನ ಬ್ರಶ್ ಕಿತ್ತುಕೊಂಡು ಹೇಳಿದ್ದರು: "ಕಲಸೋದು ನಿಲ್ಸು ಮಾರಾಯ್ತಿ. ಒಂದರ ಮೇಲೊಂದು ಹಾಸು. ಎಣ್ಣೆಯಲ್ಲಿ ಬಣ್ಣ ಇದೆಯೋ ಇಲ್ವೋ ಅನ್ನೋಷ್ಟು ತೆಳ್ಳಗೆ. ತೆಳು ಸೀರೆಯಲ್ಲಿ ಒಳಗಿನ ಲಂಗದ ಬಣ್ಣ ಕಾಣಲ್ವಾ, ಹಾಗೆ. ಹಳದಿ ಮೇಲೆ ಗುಲಾಬಿ ಹಾಸಿದ್ರೆ ಎರಡೂ ಸತ್ತುಹೋಗಲ್ಲ, ಒಂದು ಇನ್ನೊಂದರೊಳಗಿಂದ ನೋಡ್ತಾ ಇರುತ್ತೆ. ಆದ್ರೆ ಕೆಳಗಿನದು ಪೂರ್ತಿ ಒಣಗದೆ ಮೇಲಿನದು ಮುಟ್ಟಬೇಡ."

ಆ ಆಕಾಶಕ್ಕೆ ಏಳು ಪದರ ಬೇಕಿತ್ತು. ಐದು ಆಗಿತ್ತು. ಗುಲಾಬಿಯದೊಂದು, ನೀಲಿಯದೊಂದು ಬಾಕಿ. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಜಾಲಹಳ್ಳಿಯ ಸಭಾಂಗಣಕ್ಕೆ ಚಿತ್ರ ಮುಟ್ಟಬೇಕು. ಹನ್ನೆರಡು ಜನ ವಿದ್ಯಾರ್ಥಿಗಳು, ತಲಾ ಒಂದು ಚಿತ್ರ. ಹೋದ ವರ್ಷವೂ ಅವಳ ಹೆಸರಿತ್ತು. ಹೋದ ವರ್ಷವೂ ಒಣಗಿರಲಿಲ್ಲ. "ಈ ಸಲ ನಿಂಗೋಸ್ಕರ ಇನ್ನೊಬ್ಬಳಿಗೆ ಇಲ್ಲ ಅಂದಿದೀನಿ" ಎಂದಿದ್ದರು ಮೇಡಂ. ಮೂರು ವರ್ಷ ಭಾನುವಾರ ಬೆಳಿಗ್ಗೆ ಮನೆಯ ತಿಂಡಿ ತಪ್ಪಿಸಿ ಹೋಗಿದ್ದಕ್ಕೆ ಗೋಡೆಯ ಮೇಲೆ ಒಂದು ಚಿತ್ರವಾದರೂ ಬೇಡವೆ? ಇದೂ ಆಗದಿದ್ದರೆ ಬಾಲ್ಕನಿಯನ್ನು ಇನ್ನೊಂದು ಸಲ ಯಾವ ಬಾಯಿಂದ ಕೇಳುವುದು?

ಆಗಸ್ಟಿನ ಮಳೆಗೆ ಒಂದೊಂದು ಪದರಕ್ಕೆ ಐದೈದು ದಿನ. ಬೆರಳಿನಲ್ಲಿ ಎಣಿಸಿದರೂ ಲೆಕ್ಕ ಕೂಡುತ್ತಿರಲಿಲ್ಲ.

ಆ ಬೆಳಿಗ್ಗೆ ಊರ್ಮಿಳಾ ಚಿತ್ರವನ್ನು ಪ್ಯಾನೆಲ್ ಬಾಗಿಲು ಬರುವ ರಟ್ಟಿನ ಪೆಟ್ಟಿಗೆಗೆ ಇಳಿಸಿ, ಕಂಪನಿಗೆ ಹೊತ್ತುಕೊಂಡು ಹೋದಳು.

"ಏನಕ್ಕ ಇದು, ನಮ್ ಶೆಡ್ಡು!" ಓವನ್ ಆಪರೇಟರ್ ಲೋಕೇಶ್ ಪೆಟ್ಟಿಗೆಯೊಳಗೆ ಇಣುಕಿದ. "ನಾನೆಲ್ಲಿ?"

"ನೀನು ಒಳಗಿದೀಯ. ಕೆಲಸ ಮಾಡ್ತಾ."

"ಓನರ್ ಕಾರ್ ಆದ್ರೂ ಬರೆದಿದ್ರೆ ಇನ್‌ಕ್ರಿಮೆಂಟ್ ಸಿಗ್ತಿತ್ತು, ಅಕ್ಕ."

ಅವಳು ಸುತ್ತು ಬಳಸದೆ ಕೇಳಿದಳು. ಕೊನೆಯ ಬ್ಯಾಚ್ ಇಳಿದು ಬರ್ನರ್ ಆಫ್ ಆದ ಮೇಲೆ ಓವನ್ ಎಷ್ಟು ಹೊತ್ತಿಗೆ ಎಪ್ಪತ್ತು ಡಿಗ್ರಿಗೆ ಇಳಿಯುತ್ತೆ?

"ಆರೂವರೆ, ಏಳು. ಯಾಕಕ್ಕ?" ಎಂದವನು ಅವಳ ಮುಖ ನೋಡಿ, ಪೆಟ್ಟಿಗೆ ನೋಡಿ, ಬಾಯಿ ತೆರೆದ. "ಅಕ್ಕ! ನಮ್ದು ಪೌಡರ್ರು. ನಿಮ್ದು ಎಣ್ಣೆ. ಬೋಂಡಾ ಆಗ್ಬಿಟ್ರೆ?"

"ಎಪ್ಪತ್ತು ಅಂದ್ರೆ ಮಾರ್ಚ್ ಬಿಸಿಲಲ್ಲಿ ನಿಂತ ಕಾರಿನ ಬಾನೆಟ್ಟು ಕಣೋ. ಅಷ್ಟಕ್ಕೆ ಏನಾಗಲ್ಲ."

ಹನ್ನೊಂದು ವರ್ಷ ಅವಳು ಕಂಡದ್ದು ಒಂದೇ. ಹಿಟ್ಟಿನಂತೆ ಉದುರುವ ಬಣ್ಣ ಓವನ್‌ಗೆ ಹೋಗುತ್ತದೆ, ಉಗುರಿನಿಂದ ಕೆರೆದರೂ ಏಳದಷ್ಟು ಗಟ್ಟಿಯಾಗಿ ಹೊರಗೆ ಬರುತ್ತದೆ. ಕಾವು ಕೊಟ್ಟರೆ ಬಣ್ಣ ನಿಲ್ಲುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಸಂಜೆ ಮೀಟರಿನ ಮುಳ್ಳು ಎಪ್ಪತ್ತಕ್ಕಿಂತ ಕೆಳಗಿಳಿದ ಮೇಲೆ ಅರ್ಧ ಗಂಟೆ ಒಳಗಿಟ್ಟರು. ಹೊರಗೆ ತೆಗೆದು, ಆರಿದ ಮೇಲೆ ಕಿರುಬೆರಳು ತಾಕಿಸಿದಳು. ಅಂಟಲಿಲ್ಲ. ಇನ್ನೊಂದು ಮೂಲೆ. ಅಲ್ಲೂ ಇಲ್ಲ. ಲೋಕೇಶನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಗುರುವಾರ ಅನ್ನಕ್ಕಿಡುವ ಮೊದಲೇ ಎದ್ದು ಗುಲಾಬಿ ಹಾಸಿದಳು, ಸಂಜೆ ಓವನ್. ಶುಕ್ರವಾರ ಬೆಳಿಗ್ಗೆ ನೀಲಿ, ಅಗಸೆ ಎಣ್ಣೆ ಒಂದು ಹನಿ ಜಾಸ್ತಿಯೇ ಹಾಕಿ, ಚಿಂದಿ ಬಟ್ಟೆಯಿಂದ ಒರೆಸಿ ಒರೆಸಿ ಉಸಿರಿನಷ್ಟು ಉಳಿಸಿದಳು. ಸಂಜೆ ಮತ್ತೆ ಓವನ್.

ಶುಕ್ರವಾರ ಸಂಜೆ ಅದು ಹೊರಬಂತು. ಟ್ಯೂಬ್‌ಲೈಟಿನ ಕೆಳಗೆ, ಪ್ಯಾನೆಲ್‌ಗಳನ್ನು ಒರಗಿಸುವ ಸ್ಟ್ಯಾಂಡಿಗೆ ಒರಗಿಸಿದರು. ಹಳದಿ ಎಲ್ಲೋ ಆಳದಲ್ಲಿತ್ತು, ಅದರ ಮುಂದೆ ಗುಲಾಬಿ, ಅದರ ಮುಂದೆ ಧೂಳಿನಂಥ ನೀಲಿ. ಬೆಳಕು ಮೂರನ್ನೂ ದಾಟಿ ಒಳಗೆ ಹೋಗಿ, ತಿರುಗಿ ಬರುತ್ತಿತ್ತು.

"ಅಕ್ಕ, ಇದು ಶಿಫ್ಟ್ ಬಿಟ್ಟ ಟೈಮು" ಎಂದ ಲೋಕೇಶ್ ಕೊನೆಗೆ. ಕೈಯಲ್ಲಿದ್ದ ಗ್ಲೌಸ್ ಬಿಚ್ಚಿ ಜೇಬಿಗೆ ಹಾಕಿಕೊಂಡು, ಇನ್ನೊಂದು ಸಲ ನೋಡಿ ಹೋದ.

ಶನಿವಾರ ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆಗೆದವಳು ಅಲ್ಲೇ ನಿಂತಳು. ಆಕಾಶ ಸುಕ್ಕುಗಟ್ಟಿತ್ತು. ಕಾಯಿಸಿಟ್ಟ ಹಾಲು ಆರಿದಾಗ ಮೇಲಿನ ಕೆನೆ ಮುದುಡಿಕೊಳ್ಳುತ್ತದಲ್ಲ, ಹಾಗೆ ಬಲಗಡೆಯ ಅರ್ಧ ಪೂರ್ತಿ ಮುದುಡಿತ್ತು. ಎಡಗಡೆಯಲ್ಲಿ ಸಣ್ಣ ಸಣ್ಣ ನೆರಿಗೆಗಳು ಹೊರಟಿದ್ದವು. ಬೆರಳಿಟ್ಟಳು. ಅಂಟಲಿಲ್ಲ. ತುಸು ಒತ್ತಿದಳು. ಮೇಲಿನ ಚರ್ಮ ಜಾರಿತು. ಅದರಡಿ ಎಲ್ಲವೂ ಹಸಿ.

"ಏನೇ ಅದು, ಹೊಸ ಡಿಸೈನಾ?" ಅತ್ತೆ ಹೆಗಲ ಮೇಲಿಂದ ನೋಡಿದರು. "ಚೆನ್ನಾಗಿದೆ. ಮೋಡ ಬಂದ ಹಾಗಿದೆ."

"ದೂರದಿಂದ ಗೊತ್ತಾಗಲ್ಲ ಬಿಡು" ಎಂದ ಹರ್ಷವರ್ಧನ್. ಅವಳು ತಿರುಗಿ ನೋಡಿದ ರೀತಿಗೆ ಹಲ್ಲುಜ್ಜುತ್ತಲೇ ಒಳಗೆ ಸರಿದ. ಅಲ್ಲಿಂದಲೇ, "ನಂಗೆ ಡ್ರಾಪ್ ಮಾಡಕ್ಕಾಗಲ್ಲ ಇವತ್ತು, ಸ್ವಲ್ಪ ಕೆಲಸ ಇದೆ. ಆಟೋ ಮಾಡ್ಕೊಂಡ್ ಹೋಗು" ಎಂದ.

ಆಟೋದಲ್ಲಿ ಪೆಟ್ಟಿಗೆ ತೊಡೆಯ ಮೇಲಿತ್ತು. ಪ್ರತಿ ಗುಂಡಿಗೂ ಅವಳ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಉಳಿಸಿಕೊಳ್ಳುವುದಕ್ಕೆ ಅದರಲ್ಲಿ ಏನಿದೆ ಅನ್ನುವುದು ಅವಳಿಗೇ ಗೊತ್ತಿರಲಿಲ್ಲ.

ಮಹಾದೇವಿ ಮೇಡಂ ಚಿತ್ರವನ್ನು ಕಿಟಕಿಯ ಹತ್ತಿರ ಒಯ್ದು ಓರೆಯಾಗಿ ಹಿಡಿದರು. ಹಿಂದೆ ಗೋಡೆಯಲ್ಲಿ ಹನ್ನೊಂದು ಚಿತ್ರಗಳು ಆಗಲೇ ತೂಗುತ್ತಿದ್ದವು.

"ಎಲ್ಲಿ ಒಣಗಿಸ್ದೆ?"

"ಕಂಪನಿ ಓವನ್‌ನಲ್ಲಿ, ಮೇಡಂ."

ಮೇಡಂ ಕನ್ನಡಕ ತೆಗೆದರು. "ಇದನ್ನೇನು ತಗಡು ಅಂದ್ಕೊಂಡ್ಯಾ?"

"ಬೆರಳಿಗೆ ಅಂಟ್ಲಿಲ್ಲ ಮೇಡಂ. ಪ್ರತಿ ಸಲ ನೋಡೇ ಹಾಕ್ದೆ."

"ಮೇಲೆ ಅಂಟ್ಲಿಲ್ಲ. ಎಣ್ಣೆ ನೀರಿನ ಹಾಗೆ ಆರಿಹೋಗಲ್ಲ ಕಣೇ. ಗಾಳಿ ಕುಡಿದು ಕುಡಿದು ಗಟ್ಟಿಯಾಗೋದು. ಕುಡಿಯೋಷ್ಟು ಹೊತ್ತು ಅದಕ್ಕೆ ಕೊಡ್ಲೇಬೇಕು. ನೀನು ಮೇಲಿಂದ ಬಾಯಿ ಮುಚ್ಚಿಬಿಟ್ಟೆ."

"ಹೊತ್ತು ಎಲ್ಲಿಂದ ತರ್ಲಿ ಮೇಡಂ ನಾನು?" ಊರ್ಮಿಳಾಳ ದನಿ ಅವಳಿಗೇ ಗೊತ್ತಿಲ್ಲದಂತೆ ಏರಿತು. ಸ್ಟೂಲಿನ ಮೇಲೆ ನಿಂತು ಬ್ಯಾನರ್ ಕಟ್ಟುತ್ತಿದ್ದ ಹುಡುಗಿ ತಿರುಗಿ ನೋಡಿದಳು. "ಐದು ದಿನ ಸುಮ್ನೆ ಬಿಡು ಅಂತೀರಿ. ನಮ್ಮನೇಲಿ ಒಂದು ತಟ್ಟೇನೂ ಐದು ನಿಮಿಷ ಸುಮ್ನೆ ಇರಲ್ಲ. ಬೆಳಿಗ್ಗೆ ಹತ್ತು ನಿಮಿಷ ಸಿಕ್ಕಿದ್ರೆ ಅದೇ ನನ್ನ ಪೇಂಟಿಂಗು. ಅದರಲ್ಲೂ ಅರ್ಧ, ಒಣಗಿದ್ಯಾ ಅಂತ ನೋಡೋದ್ರಲ್ಲೇ ಹೋಗುತ್ತೆ. ಒಣಗೋದನ್ನ ಕಾಯೋದೇ ಕಲೆ ಅಂದ್ರೆ ಅದು ಪೆನ್ಷನ್ ಬರೋರಿಗೆ ಸರಿ ಮೇಡಂ, ನಮಗಲ್ಲ."

ಅಂದುಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು. ಮೇಡಂಗೆ ಬರುತ್ತಿದ್ದದ್ದು ಪೆನ್ಷನ್ನೇ. ಅವರು ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಚಿತ್ರವನ್ನು ಇನ್ನೊಮ್ಮೆ ಓರೆ ಮಾಡಿದರು.

"ನಿನ್ನೆ ಹೇಗಿತ್ತು?"

"ಬಂದಿತ್ತು ಮೇಡಂ. ಆ ಬಣ್ಣ ಬಂದಿತ್ತು."

"ಯಾರ್ಯಾರು ನೋಡಿದ್ರು?"

"ನಾನು. ಮತ್ತೆ ಲೋಕೇಶ್ ಅಂತ, ಓವನ್ ಆಪರೇಟರ್ರು."

ಮೇಡಂ ತಲೆಯಾಡಿಸಿದರು. "ಗೋಡೆಗೆ ಹಾಕಕ್ಕಾಗಲ್ಲ ಊರ್ಮಿಳಾ. ನಾಳೆ ಜನ ಬರೋಷ್ಟರಲ್ಲಿ ಈ ಚರ್ಮ ಇಳಿದು ಜೋತುಬೀಳುತ್ತೆ. ಮನೆಗೆ ಹೋಗಿ ಆಕಾಶ ಕೆರೆದುಬಿಡು. ಇವತ್ತೇ. ಇವತ್ತು ಒಳಗೆ ಹಸಿ ಇದೆ, ಚಾಕುಗೆ ಸಲೀಸಾಗಿ ಬರುತ್ತೆ, ಕೆಳಗಿನ ನಾಲ್ಕು ಪದರ ಉಳೀಬಹುದು. ಎರಡು ದಿನ ಬಿಟ್ರೆ ಕ್ಯಾನ್‌ವಾಸೇ ಎಸೀಬೇಕು."

"ಆಮೇಲೆ?"

"ಆಮೇಲೇನು, ಐದನೇದರಿಂದ ಶುರು ಮಾಡು."

ಅವಳು ಬಾಗಿಲು ದಾಟುವ ಮೊದಲೇ ಮೇಡಂ ಯಾರಿಗೋ ಫೋನ್ ಮಾಡಿ, ನಿನ್ನ ಚಿತ್ರ ತಗೊಂಡು ಬಾ, ಒಂದು ಜಾಗ ಇದೆ ಅನ್ನುತ್ತಿದ್ದದ್ದು ಕೇಳಿಸಿತು.

ಮೂರು ಮಹಡಿ ಹತ್ತಿ ಬರುವಾಗ ಅವಳ ತಲೆಯಲ್ಲಿ ಇದ್ದದ್ದು ಒಂದೇ: ಬಾಲ್ಕನಿ, ಚಿತ್ರ ನಿಲ್ಲಿಸುವ ಈಸಲ್, ಚಾಕು. ಊಟ ಆಮೇಲೆ. ಮಾತು ಆಮೇಲೆ. ಬಾಗಿಲಲ್ಲೇ ಸುಕೃತಿ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು. "ಅಮ್ಮಾ, ಕಣ್ಮುಚ್ಚು!"

"ಬಿಡೇ, ಕೈಯಲ್ಲಿ ಹಸಿ ಚಿತ್ರ ಇದೆ."

"ಮುಚ್ಚಮ್ಮಾ, ಪ್ಲೀಸ್."

ಮುಚ್ಚಿದಳು. ಮಗಳು ಮೊಣಕೈ ಹಿಡಿದು ನಡೆಸಿಕೊಂಡು ಹೋದಳು. ಹಾಲ್ ದಾಟುವಾಗ ಮುಖಕ್ಕೆ ಒದ್ದೆ ಬಟ್ಟೆ ತಗುಲಲಿಲ್ಲ. ಕಣ್ಣು ಬಿಟ್ಟಾಗ ಬಾಲ್ಕನಿಯಲ್ಲಿ, ಈಸಲ್ ಇದ್ದ ಜಾಗದಲ್ಲಿ, ಹೊಚ್ಚ ಹೊಸ ವಾಷಿಂಗ್ ಮಷಿನ್ ಇತ್ತು. ಪ್ಯಾಂಟ್ ಮೊಣಕಾಲಿಗೆ ಮಡಚಿದ್ದ ಹರ್ಷವರ್ಧನ್ ಓಡುತ್ತಿದ್ದ ಮಷಿನ್ನಿನ ಹಿಂದೆ ಹನಿಯುತ್ತಿದ್ದ ಪೈಪು ಬಿಗಿ ಮಾಡುತ್ತಿದ್ದ.

"ಒಗೆದು, ಹಿಂಡಿ, ಮುಕ್ಕಾಲು ಒಣಗಿಸಿಯೇ ಕೊಡುತ್ತೆ" ಎಂದ, ಮುಖವೆಲ್ಲ ಬೆವರು. "ನೀನು ಇಷ್ಟು ದಿನ ಒದ್ದಾಡಿದ್ದು ನೋಡಕ್ಕಾಗಲಿಲ್ಲ ಕಣೆ. ಚಿತ್ರ ಹೋಗೋ ದಿನಾನೇ ತರಿಸ್ಬೇಕು ಅಂತಿದ್ದೆ. ಈಸಲ್ ಮಂಚದ ಕೆಳಗಿದೆ, ಹುಷಾರಾಗಿಟ್ಟಿದೀನಿ."

"ನಿನಗೇ ಒಳ್ಳೇದಾಯ್ತು" ಎಂದರು ಅತ್ತೆ ಹಿಂದಿನಿಂದ. "ಇನ್ನು ಬೆಳಿಗ್ಗೆ ಒಂದು ಗಂಟೆ ಉಳಿಯುತ್ತೆ."

ಊರ್ಮಿಳಾ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿದಳು. ಏನು ಹೇಳಿದರೂ ಅದು ಅನ್ಯಾಯವಾಗುತ್ತಿತ್ತು.

"ಬಾಕ್ಸ್ ಯಾಕೆ ವಾಪಸ್ ತಂದೆ?" ಎಂದ ಹರ್ಷವರ್ಧನ್. ಅವಳ ಮುಖ ನೋಡಿದ ಮೇಲೆ ಅವನ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. "ಹಾಕ್ಲಿಲ್ವಾ?"

"ಇಲ್ಲ. ಕೆರೀಬೇಕು. ಇವತ್ತೇ."

ಮಂಚದ ಕೆಳಗಿನ ಈಸಲ್ ಬಿಡಿಸಿ ನಿಲ್ಲಿಸುವುದಕ್ಕೆ ಮನೆಯಲ್ಲಿ ಬೇರೆ ಕಡೆ ಬೆಳಕಿರಲಿಲ್ಲ. ಅವಳು ಪೆಟ್ಟಿಗೆಯಿಂದ ಚಿತ್ರ ತೆಗೆದು ಮಷಿನ್ನಿನ ಮುಚ್ಚಳದ ಮೇಲೆ ಮಲಗಿಸಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಒಳಗೆ ಮೊದಲ ಕಂತಿನ ಬಟ್ಟೆ ಮೆಲ್ಲಗೆ ಹೊರಳುತ್ತಿತ್ತು. ಚಾಕು ತಂದು ಬಲಮೂಲೆಯಿಂದ ಶುರುಮಾಡಿದಳು. ನೀಲಿ, ಗುಲಾಬಿ ಎರಡೂ ಕೂಡಿ ಸುರುಳಿಯಾಗಿ ಎದ್ದುಬಂದವು. ಹಳೆಯ ಪತ್ರಿಕೆಗೆ ಒರೆಸಿದಳು. ಒಂದು ಅಂಗೈಯಷ್ಟು ಆಕಾಶ ಹೋಯಿತು.

ಎರಡನೇ ಸಲ ಚಾಕು ಇಡುವಷ್ಟರಲ್ಲಿ ಮಷಿನ್ ಒಮ್ಮೆ ನಿಂತು, ಕೆಮ್ಮಿ, ಜೋರಾಗಿ ತಿರುಗತೊಡಗಿತು. ಕ್ಯಾನ್‌ವಾಸ್ ಗಡಗಡ ನಡುಗಿ ಅಂಚಿನ ಕಡೆ ಸರಿಯಿತು.

"ಆಫ್ ಮಾಡ್ಲಾ?" ಎಂದ ಹರ್ಷವರ್ಧನ್.

"ಬೇಡ. ಎಷ್ಟು ನಿಮಿಷ?"

ಅವನು ಬಗ್ಗಿ ಕೆಂಪು ಅಂಕಿ ನೋಡಿದ. "ಒಂಬತ್ತು."

ಅವಳು ಎಡ ಅಂಗೈಯನ್ನು ತಗಡಿನ ಛಾವಣಿಗಳ ಮೇಲೆ ಒತ್ತಿ ಹಿಡಿದು, ಚಾಕು ಹಿಡಿದ ಬಲಗೈಯನ್ನು ಗಾಳಿಯಲ್ಲಿ ಎತ್ತಿಕೊಂಡು ನಿಂತಳು. ಹರ್ಷವರ್ಧನ್ ಸ್ವಲ್ಪ ಹೊತ್ತು ನೋಡಿ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು, ಇನ್ನೊಂದು ತುದಿಯ ಮರದ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದ.

"ಬಣ್ಣ ಮುಟ್ಬೇಡಿ" ಎಂದಳು.

"ಮುಟ್ತಿಲ್ಲ."

ಅಂಕಿ ಎಂಟಾಯಿತು.