ಎರಡು ಗುರುತಿನವರು

ಹೆಸರಿಗೆ ಮೊದಲು ಒಂದೇ ಒಂದು ಅಕ್ಷರ ಸೇರಿಸುವುದು ಎಷ್ಟು ಗಂಭೀರವಾದ ಕೆಲಸವೆಂಬುದು ಇನಾಗಾಕಿಗೆ ಅದನ್ನು ಮಾಡಿ ಮುಗಿಸಿದ ಮೇಲೆ ತಿಳಿಯಿತು. ಪರದೆ ಹೇಳಿತು: 8,214 ಸಾಲುಗಳು ಬದಲಾಗಿವೆ.

ಬದಲಾಗಬೇಕಿದ್ದದ್ದು ಹನ್ನೊಂದು.

ಹಳೆಯ ವಿದ್ಯಾರ್ಥಿಗಳ ಸಂಘದ ಪಟ್ಟಿಯಲ್ಲಿ, ತೀರಿಕೊಂಡವರ ಹೆಸರಿಗೆ ಮೊದಲು 'ದಿವಂಗತ' ಎಂದು ಸೂಚಿಸುವ ಒಂದಕ್ಷರದ ಗುರುತು ಬೀಳಬೇಕು. ಜೋಡಿಸುವ ಆದೇಶವನ್ನು ಅವನು ಸರಿಯಾಗಿಯೇ ಬರೆದಿದ್ದ. ಯಾರಿಗೆ ಎಂಬ ಷರತ್ತು ಎರಡನೆಯ ಸಾಲಿನಲ್ಲಿತ್ತು. ಮೊದಲ ಸಾಲನ್ನಷ್ಟೇ ಆಯ್ದು ಗುಂಡಿ ಒತ್ತಿದ. ಜಪಾನಿನ ನೀಗಾತಾದ ಆ ಶಾಲೆಯಲ್ಲಿ ಎಪ್ಪತ್ತು ವರ್ಷಗಳಿಂದ ಓದಿ ಹೋದವರೆಲ್ಲ ಒಂದೇ ಕ್ಷಣದಲ್ಲಿ ಸತ್ತರು. ಮೈದಾನದಲ್ಲಿ ಯಾರೋ ಚೆಂಡು ಹೊಡೆದ ಸದ್ದು ನೀರಿನೊಳಗಿಂದ ಬಂದಂತೆ ತಡವಾಗಿ ಬಂತು.

"ಏನಾಯ್ತು?" ಎದುರು ಮೇಜಿನ ಹೊರಿಬೆ ತಲೆ ಎತ್ತದೆ ಕೇಳಿದಳು. ಇಪ್ಪತ್ತಾರು ವರ್ಷದಿಂದ ಈ ಕಚೇರಿಯಲ್ಲಿದ್ದವಳು.

"ಏನಿಲ್ಲ. ಎಲ್ರೂ ಹೋಗ್ಬಿಟ್ರು."

"ಮೂರು ಗಂಟೆಗೆ ಅಚ್ಚಿನವ್ರು ಬರ್ತಾರೆ. ಅಷ್ಟೊತ್ತಿಗೆ ವಾಪಸ್ ಕರ್ಸಿ. ಹೋದ ಸಲ ಸತ್ತವ್ರೊಬ್ರಿಗೆ ಕೂಟದ ಆಮಂತ್ರಣ ಹೋಗಿ, ಅವ್ರ ಹೆಂಡ್ತಿ ಕೈಲಿ ಬೈಸ್ಕೊಂಡಿದ್ದು ಸಾಕು."

ಹಿಂದಿನ ದಿನದ ಪ್ರತಿ ತೆಗೆದಿಟ್ಟಿರಲಿಲ್ಲ. ಆದರೂ ದಾರಿ ಇತ್ತು. ಬದುಕಿರುವವರಿಗೆ ಈಗ ಒಂದು ಗುರುತು, ಮೊದಲೇ ಸತ್ತವರಿಗೆ ಎರಡು. ಎಲ್ಲರಿಂದಲೂ ಒಂದೊಂದು ಅಕ್ಷರ ಕತ್ತರಿಸಿದರೆ ಲೋಕ ಮೊದಲಿನಂತಾಗುತ್ತದೆ. ಖಾತರಿಗೆಂದು ಎರಡು ಗುರುತಿನವರನ್ನು ಬೇರ್ಪಡಿಸಿ, ತಾನೂ ಇದೇ ಶಾಲೆಯಲ್ಲಿ ಓದಿದವನಾದ್ದರಿಂದ ತನ್ನ ತರಗತಿಯವರೆಗೆ ಇಳಿದು ನೋಡಿದ. ನಾಲ್ಕು ಹೆಸರು. ಮೂರನೆಯದು ಇನಾಗಾಕಿ ತಾದಾಯೋಶಿ. ಹೆಸರೂ ಹುಟ್ಟಿದ ದಿನವೂ ಅವನದೇ.

ಬೆಚ್ಚಬೇಕಿತ್ತು. ಬದಲಿಗೆ, ಹಗಲು ನಿದ್ದೆಯಲ್ಲಿ ಯಾರೋ ಹೊದಿಕೆ ಸರಿಪಡಿಸಿದಷ್ಟು ಹಿತವಾಯಿತು. ಆರು ವರ್ಷದಿಂದ ಆಮಂತ್ರಣ ಬರದಿದ್ದುದಕ್ಕೆ ಅವನು ಅಂಚೆಯವರನ್ನು ಬೈದುಕೊಂಡಿದ್ದ.

ಗುರುತು ಹಾಕುವುದಿರಲಿ ತೆಗೆಯುವುದಿರಲಿ, ಆಯಾ ತರಗತಿಯ ಪ್ರತಿನಿಧಿ ಹೇಳಬೇಕು. ಕಚೇರಿಯವರು ತಾವಾಗಿ ಮುಟ್ಟುವಂತಿಲ್ಲ. ಪ್ರತಿನಿಧಿ ಮುರೋಯಾಗೆ ಫೋನು ಮಾಡಿದ.

"ಸಂಘದ ಕಚೇರಿಯಿಂದ. ನಿಮ್ಮ ತರಗತಿಯ ಇನಾಗಾಕಿ ವಿಷಯ ಕೇಳ್ಬೇಕಿತ್ತು."

"ಇನಾಗಾಕಿನಾ? ಪಾಪ, ಅವ್ನು ಹೋಗಿ ತುಂಬಾ ದಿನ ಆಯ್ತಲ್ಲ."

"ಖಚಿತವಾಗಿ ಗೊತ್ತಾ?"

"ಗೊತ್ತಿಲ್ದೆ ಏನು ಸ್ವಾಮಿ? ಕಾರ್ಡು ಎರಡು ಸಲ ವಾಪಸ್ ಬಂತು. ಕೂಟದಲ್ಲಿ ಒಂದು ನಿಮಿಷ ಎದ್ದು ನಿಂತ್ವಿ. ಕುಡ್ದಿದ್ವಿ, ಆದ್ರೂ ಎಲ್ರೂ ನೆಟ್ಟಗೇ ನಿಂತ್ವಿ. ನಾನು ನಾಕು ಮಾತೂ ಆಡ್ದೆ."

"ಏನಂತ?"

"ಯಾರಿಗೂ ತೊಂದ್ರೆ ಕೊಟ್ಟವನಲ್ಲ ಅಂತ. ಬೇರೇನೂ ನೆನಪಾಗ್ಲಿಲ್ಲ. ಯಾಕೆ, ಏನಾದ್ರೂ ತಪ್ಪಾಗಿದ್ಯಾ?"

ನಾನೇ ಇನಾಗಾಕಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ, ಅಷ್ಟು ಕಷ್ಟಪಟ್ಟು ಎದ್ದು ನಿಂತವರನ್ನೆಲ್ಲ ಮತ್ತೆ ಕೂರಿಸಬೇಕು.

"ಇಲ್ಲ. ಪಟ್ಟಿ ಸರಿನೋಡ್ತಿದ್ದೆ."

"ನಿಮ್ಮ ಹೆಸ್ರು?"

"ಹೊರಿಬೆ."

ಅವನು ಫೋನು ಇಟ್ಟ ಮೇಲೆ ಹೊರಿಬೆ ತಲೆ ಎತ್ತಿದಳು. "ನನ್ ಹೆಸ್ರು ಯಾಕೆ?"

"ತಕ್ಷಣಕ್ಕೆ ಬೇರೆ ಯಾವ್ದೂ ಹೊಳೀಲಿಲ್ಲ."

ಪರದೆಯ ಮೇಲೆ ಹೆಸರುಗಳು, ನದಿಗೆ ಬಿಟ್ಟ ಕಾಗದದ ದೀಪಗಳ ಹಾಗೆ ಒಂದರ ಹಿಂದೊಂದು ತೇಲುತ್ತಿದ್ದವು. ಇನಾಗಾಕಿ ಕತ್ತರಿಸುವ ಆದೇಶ ಬರೆದ. ಈ ಸಲ ಷರತ್ತು ಬೇಕಿರಲಿಲ್ಲ. ಎಲ್ಲರಿಂದ ಒಂದೊಂದು ಅಕ್ಷರ ಉದುರಿತು, ಅವನಿಂದಲೂ. ಅವನಿಗೆ ಇನ್ನೊಂದು ಉಳಿಯಿತು. ಆಮೇಲೆ ಎರಡೂ ಸಾಲು ಆಯ್ದು, ಹನ್ನೊಂದು ಮಂದಿಗೆ ಗುರುತು ಹಾಕಿದ.

ಮೂರು ಗಂಟೆಗೆ ಅಚ್ಚಿನವರು ಬಂದು ಪಟ್ಟಿ ಒಯ್ದರು. 7,391 ಆಮಂತ್ರಣಗಳು ಅಚ್ಚಾದವು. ಅವನ ಹೆಸರಿನದು ಅದರಲ್ಲಿ ಇರಲಿಲ್ಲ.