ಗುಂಗುರು ಹೋಗಿ ಗರಿಗರಿಯಾದೆ

ನಾನೊಂದು ಇಂಗ್ಲಿಷ್ ಪದ. ಕ್ರಿಸ್ಪ್ ಅಂತ ಹೆಸರು. ದಾವಣಗೆರೆಯಲ್ಲಿ ಮುದ್ದಿಗೆ ಕ್ರಿಸ್ಪಿ ಅಂತಾರೆ. ನನ್ನ ತವರು ಲ್ಯಾಟಿನ್ ಭಾಷೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆಗ ನನ್ನ ಅರ್ಥ 'ಗುಂಗುರು' ಅಂತ. ಯಾರದಾದರೂ ತಲೆಗೂದಲು ಸುರುಳಿ ಸುರುಳಿಯಾಗಿದ್ದರೆ ನನ್ನನ್ನೇ ಕರೆಯುತ್ತಿದ್ದರು. ಎಂಥ ಸುಖದ ಬಾಲ್ಯ ಅಂತೀರಿ!

ಇಂಗ್ಲಿಷರ ಮನೆ ಸೇರಿದ ಮೇಲೂ ಬಹುಕಾಲ ಕೂದಲಲ್ಲೇ ಇದ್ದೆ. ಆಮೇಲೆ ಅದು ಹೇಗೋ ಅಡುಗೆಮನೆಗೆ ನುಗ್ಗಿದೆ. ಬೆಂಕಿ ತಾಗಿದ್ದು ಸುರುಳಿಗೊಂಡು ಗರಿಗರಿಯಾಗುತ್ತದಲ್ಲ, ಅದರ ಹಿಂದೆಯೇ ಹೋಗಿರಬೇಕು. ಪಂಡಿತರನ್ನು ಕೇಳಿದರೆ ಅವರೂ ತಲೆ ಕೆರೆದುಕೊಳ್ಳುತ್ತಾರೆ. ಕೊನೆಗೆ ಬ್ರಿಟಿಷರ ಜೊತೆ ಹಡಗು ಹತ್ತಿ ಇಲ್ಲಿಗೆ ಬಂದೆ. ಅವರು ಹೋದರು, ನಾನು ಉಳಿದೆ.

ಹಾಲೇಶಪ್ಪನ ಬೆಣ್ಣೆದೋಸೆ ಹೋಟೆಲಿನಲ್ಲಿ, ಒಲೆಯ ಎದುರಿನ ಬೋರ್ಡಿಗೆ ನನ್ನನ್ನು ಏರಿಸಿದವನು ಒಬ್ಬ ಪೇಂಟರ್.

"ಗರಿಗರಿ ಅಂತ ಚಂದದ ಮಾತಿರುವಾಗ ಇದ್ಯಾಕಪ್ಪ?" ಎಂದು ಹಾಲೇಶಪ್ಪ ಗೊಣಗಿದ.

"ಕಾಲೇಜ್ ಹುಡುಗ್ರು ಬರ್ತಾರೆ, ಸುಮ್ನಿರ್ರಿ" ಎಂದಳು ಹೆಂಡತಿ ಕೊಟ್ರಮ್ಮ. ಎಷ್ಟು ಎಣ್ಣೆ ಹಚ್ಚಿದರೂ ಗುಂಗುರು ಅಡಗದ ತಲೆ ಅವಳದು. ಆ ಮನೆಯಲ್ಲಿ ಕೊನೆಯ ಮಾತೂ ಅವಳದೇ.

ಹಾಲೇಶಪ್ಪನದೊಂದು ನೇಮ. ದಿನದ ಮೊದಲ ದೋಸೆ ಗಿರಾಕಿಗಲ್ಲ. ತಾನೇ ಒಲೆಯ ಮುಂದೆ ನಿಂತು, ಅಂಚು ಮುರಿದು ಕಚ್ಚಬೇಕು. ಕರ್ರಂ ಅಂದರೆ ಮಾತ್ರ ಬಾಗಿಲು ತೆಗೆಯುವುದು. ಇಲ್ಲದಿದ್ದರೆ ಉರಿ ಸರಿಮಾಡಿ ಇನ್ನೊಂದು ಹೊಯ್ಯುವುದು. ಹಟಮಾರಿ, ನಿಜ. ಆದರೆ ನನ್ನ ಮಾನ ಕಾಯ್ದವನು ಅವನೇ.

ಅವನಿಗೆ ವಯಸ್ಸಾಯಿತು, ಹಲ್ಲುಗಳು ಉದುರಿದವು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಬಾಯಲ್ಲಿ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಮೊದಲ ದೋಸೆಯನ್ನು ಒಸಡಿನಲ್ಲೇ ನುರಿಸಿ ನೋಡಿ, ತಟ್ಟೆ ಕೆಳಗಿಟ್ಟು ಕೂತುಬಿಟ್ಟ.

"ಏನೂ ತಿಳೀತಿಲ್ಲ ಕಣೇ. ಗೊತ್ತಿಲ್ದಂಗೆ ಜನಕ್ಕೆ ಹೆಂಗ್ ಹಾಕ್ಲಿ? ಹೋಟ್ಲು ಮುಚ್ಚಿಬಿಡಣ."

ಅವನ ಕಣ್ಣು ತುಂಬಿತ್ತು. ಹೊರಗೆ ಗಿರಾಕಿಗಳು ಬಾಗಿಲು ಬಡಿಯುತ್ತಿದ್ದರು. ಅವನು ಒಲೆ ಆರಿಸಿದರೆ ನನಗೆ ಗುಜರಿಯೇ ಗತಿ!

"ನನ್ ಹಲ್ಲು ಗಟ್ಟಿ ಅದಾವಲ್ಲ" ಎಂದಳು ಕೊಟ್ರಮ್ಮ.

"ನನ್ ಸಮಾಧಾನಕ್ಕೆ ನೀನು ಚೆನ್ನಾಗೈತೆ ಅಂತೀಯ."

"ನಾನು ಮಾತೇ ಆಡಲ್ಲ. ನೀವು ಕಿವಿ ಕೊಡ್ರಿ ಸಾಕು."

ಅಂಚು ಮುರಿದು ಬಾಯಿಗಿಟ್ಟು, ಅವನ ಕಿವಿಗೆ ಕೆನ್ನೆ ಹಚ್ಚಿ ಕಚ್ಚಿದಳು. ಹಾಲೇಶಪ್ಪ ಉಸಿರು ಬಿಗಿಹಿಡಿದು ಕೇಳಿದ.

"ಉಹುಂ. ಉರಿ ಸಾಲ್ದು" ಎಂದು ತಟಕ್ಕನೆ ಎದ್ದವನೇ ಇನ್ನೊಂದು ಹೊಯ್ದ. ಮತ್ತೆ ಕೆನ್ನೆ, ಮತ್ತೆ ಕಿವಿ. ಕರ್ರಂ!

"ಬಾಗ್ಲು ತೆಗಿಯೇ!" ಎಂದು ಕೂಗಿದ. ಅಯ್ಯೋ, ಆ ಬೊಚ್ಚುಬಾಯಿಯ ನಗುವನ್ನು ನೀವು ನೋಡಬೇಕಿತ್ತು!

ಈಗ ನನ್ನ ಬಣ್ಣ ಮಾಸಿದೆ. ಅರ್ಧ ಅಕ್ಷರಗಳು ಹೊಗೆಗೆ ಕಪ್ಪಾಗಿವೆ. ಆದರೂ ಬೆಳಿಗ್ಗೆಯಾದರೆ ಕಾಯುತ್ತೇನೆ. ಕೊಟ್ರಮ್ಮ ಬಾಗುತ್ತಾಳೆ, ನರೆತ ಗುಂಗುರು ಅವನ ಕೆನ್ನೆ ತಾಗುತ್ತದೆ, ದೋಸೆ ಕರ್ರಂ ಅನ್ನುತ್ತದೆ. ಹುಟ್ಟಿದ ಮನೆಯೂ ಬಾಳಿದ ಮನೆಯೂ ಒಂದೇ ಒಲೆಯ ಮುಂದೆ ಕಾಣುವ ಭಾಗ್ಯ ಇನ್ಯಾವ ಪದಕ್ಕಿದೆ?

ಹಾಲೇಶಪ್ಪನೋ, ಕಳ್ಳ. ಬೋರ್ಡಿನ ಮೇಲಿರುವ ನನಗೇ ಶಬ್ದ ಕೇಳಿರುತ್ತದೆ. ಅವನು ಮಾತ್ರ ಕಿವಿ ತೆಗೆಯದೆ ಅನ್ನುತ್ತಾನೆ: "ಕೇಳ್ಲಿಲ್ಲ ಕಣೇ. ಇನ್ನೊಂದ್ಸಲ."